ದತ್ತದಲ್ಲಿ ಬರೆಯದ ಸಾಲು

2022ರ ಜೂನ್‌ನಲ್ಲಿ ನಾನು ಮಸ್ಕಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಗಣಿತ ಶಿಕ್ಷಕಿಯಾಗಿ ವರ್ಗವಾಗಿ ಹೋದೆ. ಸಂತೆಕಲ್ಲೂರಿನ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಹಳ್ಳಿ. ಕಾಲುವೆಯ ನೀರು ಅಲ್ಲಿಗೆ ಮುಟ್ಟಿಲ್ಲ. ಜೋಳ, ತೊಗರಿ, ಹತ್ತಿ ಬೆಳೆಯುವ ಭೂಮಿ. ಆಗ ನನ್ನ ಮನೆ ಲಿಂಗಸುಗೂರಿನಲ್ಲಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ಮಸ್ಕಿಗೆ ಬಂದು, ನಿಲ್ದಾಣದ ಹೊರಗೆ ಟಂಟಂ ತುಂಬುವವರೆಗೆ ಕಾದು ಶಾಲೆ ಸೇರುತ್ತಿದ್ದೆ. ನಮ್ಮ ಕಡೆ ಟಂಟಂ ಎಂದರೆ ಜನರನ್ನು ಹಿಡಿಸಿದಷ್ಟು ಹಿಡಿಸಿಕೊಂಡು ಹಳ್ಳಿಗಳಿಗೆ ಓಡುವ ಶೇರ್ ಆಟೊ. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಜನರ ಹೆಸರುಗಳನ್ನೂ ಬದಲಿಸಿದ್ದೇನೆ.

ನಾನು ದಿನಚರಿ ಬರೆಯುವವಳು. ಕಲಬುರಗಿಯಲ್ಲಿ ಎಂ.ಎಸ್ಸಿ. ಓದುವಾಗ ಹತ್ತಿದ ಅಭ್ಯಾಸ. ಬರೆಯುವುದಕ್ಕೆ ಕಾರಣ, ನನ್ನ ನೆನಪಿನ ಮೇಲೆ ನನಗಿರುವ ಅನುಮಾನ. ಈ ಘಟನೆಯ ದಿನಗಳಲ್ಲಿ ಒಮ್ಮೆ ಜೋರು ಮಳೆ ಬಂದಿತ್ತೆಂದು ನನಗೆ ಸ್ಪಷ್ಟವಾಗಿ ನೆನಪಿದೆ. ದಿನಚರಿಯಲ್ಲಿ ಮಳೆಯ ಮಾತೇ ಇಲ್ಲ. ಹಾಗಾಗಿ ಇಲ್ಲಿ ಬರುವ ಮಾತುಗಳಲ್ಲಿ ಅಂದೇ ಬರೆದಿಟ್ಟವುಗಳನ್ನು ಮಾತ್ರ ಮಾತಿನ ರೂಪದಲ್ಲಿ ಕೊಡುತ್ತೇನೆ. ಉಳಿದದ್ದನ್ನು ನನಗೆ ತೋಚಿದಂತೆ ಹೇಳುತ್ತೇನೆ. ಓದುಗರು ಅದನ್ನು ಅಷ್ಟಕ್ಕೇ ನಂಬಿದರೆ ಸಾಕು.

ಒಂಬತ್ತನೆಯ ತರಗತಿಯ ಗಣಿತದಲ್ಲಿ ಮಕ್ಕಳು ಮೊದಲ ಸಲ 'ಸಾಧನೆ' ಎಂಬುದನ್ನು ಎದುರಿಸುತ್ತಾರೆ. ಅಲ್ಲಿಯವರೆಗೆ ಅವರಿಗೆ ಗಣಿತವೆಂದರೆ ಉತ್ತರ ತೆಗೆಯುವುದು. ಈಗ ಉತ್ತರ ಮೊದಲೇ ಗೊತ್ತಿರುತ್ತದೆ, ಅದು ಯಾಕೆ ಸರಿ ಎಂದು ತೋರಿಸಬೇಕು. ಇದಕ್ಕೊಂದು ಕಟ್ಟು ಇದೆ. ಮೊದಲು ದತ್ತ, ಅಂದರೆ ನಮಗೆ ಕೊಟ್ಟಿರುವ ಸಂಗತಿ. ಆಮೇಲೆ ಸಾಧನೀಯ, ನಾವು ತೋರಿಸಬೇಕಾದದ್ದು. ನಂತರ ಸಾಧನೆ. ಅದರಲ್ಲಿ ಒಂದೊಂದು ಸಾಲಿನ ಮುಂದೆಯೂ ಆವರಣದೊಳಗೆ ಕಾರಣ ಬರೆಯಬೇಕು. ಮೊದಲೇ ಒಪ್ಪಿಕೊಂಡ ಮಾತುಗಳಿಂದ ಹೊರಟು, ಹೆಜ್ಜೆ ತಪ್ಪದೆ, ಒಪ್ಪಲೇಬೇಕಾದ ಮಾತಿಗೆ ಬಂದು ಮುಟ್ಟುವುದು. ಇದನ್ನೇ ನಿಗಮನ ತರ್ಕ ಎನ್ನುತ್ತಾರೆ.

ಮೊದಲ ದಿನ ಎಲ್ಲರಿಗೂ ಒಂದೊಂದು ತ್ರಿಭುಜ ಬರೆದು ಕೋನಗಳನ್ನು ಅಳೆದು ಕೂಡಿಸಲು ಹೇಳಿದೆ. ಎಲ್ಲರದೂ ಸರಿಯಾಗಿ ನೂರ ಎಂಬತ್ತು ಡಿಗ್ರಿ ಬಂತು. ನನಗೆ ಅನುಮಾನವಾಗಿ ಒಂದೆರಡನ್ನು ನಾನೇ ಅಳೆದೆ. ಒಂದು ನೂರ ಎಂಬತ್ತಮೂರು, ಇನ್ನೊಂದು ನೂರ ಎಪ್ಪತ್ತೆಂಟು. ಉತ್ತರ ಗೊತ್ತಿದ್ದುದರಿಂದ ಮಕ್ಕಳು ಕೊನೆಯ ಕೋನವನ್ನು ಅಳೆದೇ ಇರಲಿಲ್ಲ, ಕಳೆದು ಬರೆದಿದ್ದರು. ಅಳತೆ ಕೈ ಕೊಡುತ್ತದೆ, ಅಳೆಯದೆ ತಿಳಿಯುವ ದಾರಿ ಬೇಕು ಎಂದು ಹೇಳಲು ಇದೇ ಸಮಯವೆಂದುಕೊಂಡೆ. ಆಗ ಮುಂದಿನ ಸಾಲಿನಲ್ಲಿದ್ದ ದುರುಗಮ್ಮ ಎದ್ದು ನಿಂತಳು. ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡ ದನಿ ಅವಳದು.

"ಪುಸ್ತಕದಾಗ ನೂರ ಎಂಬತ್ತಂತ ಬರದಾರಲ್ರೀ ಮೇಡಂ. ಸರ್ಕಾರದವ್ರು ಸುಳ್ಳ ಯಾಕ ಬರೀತಾರ?"

ಮಸ್ಕಿಯ ಗುಡ್ಡ, ಮುದಗಲ್ಲಿನ ಕೋಟೆ, ನಮ್ಮ ಶಾಲೆ, ಈ ಮೂರನ್ನು ಸೇರಿಸಿದರೆ ಒಂದು ತ್ರಿಭುಜ ಆಗುತ್ತದೆ, ಅದರ ಕೋನಗಳನ್ನು ಯಾವ ಕೋನಮಾಪಕದಿಂದ ಅಳೆಯುತ್ತೀ ಎಂದು ಕೇಳಿದೆ. ಅವಳು ಯೋಚಿಸಿ ಕೂತಳು. ನಂತರ ಟಂಟಂನ ಉದಾಹರಣೆ ಕೊಟ್ಟೆ. ಪ್ರತಿದಿನ ತಡವಾಗಿ ಬರುತ್ತದೆಂದು ನಾವೂ ತಡವಾಗಿ ಹೋಗುತ್ತೇವೆ, ಅವತ್ತೇ ಅದು ಹೊತ್ತಿಗೆ ಸರಿಯಾಗಿ ಬಂದು ಹೋಗಿರುತ್ತದೆ. ಇದುವರೆಗೆ ಹಾಗಾಗಿದೆ ಎಂಬುದರಿಂದ ಹಾಗೇ ಆಗಬೇಕು ಎಂಬುದು ಬರುವುದಿಲ್ಲ. ಈ ಮಾತಿಗೆ ಎಲ್ಲರೂ ನಕ್ಕರು. ಎಲ್ಲರೂ ಟಂಟಂ ತಪ್ಪಿಸಿಕೊಂಡವರೇ.

ಅಂದಿನಿಂದ 'ಕಾರಣ?' ಎಂಬುದು ಆ ತರಗತಿಯ ಆಟವಾಯಿತು. ಹಲಗೆಯ ಮೇಲೆ ಯಾರು ಏನು ಬರೆದರೂ ಉಳಿದವರು ಹಿಂದಿನಿಂದ "ಕಾರಣ?" ಎಂದು ಕೂಗುವರು. ಒಮ್ಮೆ ಮುಖ್ಯಗುರುಗಳು ಪ್ರಾರ್ಥನೆಯ ಹೊತ್ತಿಗೆ ಸಾಲು ಸರಿ ಮಾಡಿಕೊಳ್ಳಿರೆಂದಾಗ ಹಿಂದಿನ ಸಾಲಿನಿಂದ ಇದೇ ಕೂಗು ಕೇಳಿಬಂತು. ಅವರು ನನ್ನನ್ನು ಕರೆದು, "ಏನ್ ಕಲಿಸಾಕತ್ತೀರಿ ಮೇಡಂ, ಗಣಿತಾನೋ ವಕೀಲಕೀನೋ?" ಎಂದರು. ಸಿಟ್ಟು ಅರ್ಧ, ನಗೆ ಅರ್ಧ.

ಅದೇ ತರಗತಿಯ ಹುಲಿಗೆಮ್ಮ ಕೂಗುವವಳಲ್ಲ. ಕಿಟಕಿಯ ಪಕ್ಕ ಕೂತು ಕೇಳಿಸಿಕೊಳ್ಳುವಳು. ತ್ರಿಭುಜದ ಕೋನಗಳ ಪ್ರಮೇಯ ಮಾಡುವಾಗ ಒಂದು ಶೃಂಗದ ಮೂಲಕ ಪಾದಕ್ಕೆ ಸಮಾಂತರವಾದ ಗೆರೆ ಎಳೆದೆ. ಉಳಿದದ್ದೆಲ್ಲ ಅದರಿಂದ ತಾನಾಗಿ ಬರುತ್ತದೆ. ಎಲ್ಲರೂ ಬರೆದುಕೊಂಡರು. ಗಂಟೆ ಹೊಡೆದ ಮೇಲೆ ಹುಲಿಗೆಮ್ಮ ಮೇಜಿನ ಬಳಿ ಬಂದು, ಅಂಥ ಗೆರೆ ಎಳೆಯಲು ಬರುತ್ತದೆಂದು ಯಾರು ಹೇಳಿದರು, ಅದಕ್ಕೆ ಕಾರಣ ಬರೆಯಲಿಲ್ಲವಲ್ಲ ಎಂದು ಕೇಳಿದಳು. ಎಂ.ಎಸ್ಸಿ.ಯಲ್ಲಿಯೂ ಈ ಪ್ರಶ್ನೆ ನನ್ನ ತಲೆಗೆ ಬಂದಿರಲಿಲ್ಲ. ಅದು ಆಧಾರ ಪ್ರತಿಜ್ಞೆ, ಸಾಧನೆಯಿಲ್ಲದೆ ಒಪ್ಪಿಕೊಳ್ಳುವ ಮಾತು ಎಂದೆ.

"ಅದನ್ನ ಹಂಗೇ ತಗೋಬೇಕವ್ವ. ಎಲ್ಲಿಂದಾದ್ರೂ ಸುರು ಮಾಡಬೇಕಲ್ಲ."

"ತಗೊಂಡೋರು ಯಾರ್ರೀ? ನಮ್ಮನ್ನ ಕೇಳಿದ್ದಿಲ್ಲಲ್ರೀ," ಎಂದು ನಕ್ಕು ಹೋದಳು. ಬಹಳ ಖುಷಿಯಿಂದ ಅದನ್ನು ಅಂದೇ ದಿನಚರಿಯಲ್ಲಿ ಬರೆದೆ. ಇಂಥ ಮಗು ಒಂದು ಸಿಕ್ಕರೆ ಶಿಕ್ಷಕರ ಆ ವರ್ಷ ಸಾರ್ಥಕ ಎಂದೂ ಬರೆದಿದ್ದೇನೆ. ಈಗ ಓದಿದರೆ ಮುಜುಗರವಾಗುತ್ತದೆ.

ಹತ್ತಿ ಬಿಡಿಸುವ ಕಾಲಕ್ಕೆ ಹಾಜರಿ ಕಡಿಮೆಯಾಗುತ್ತದೆ. ಆದ್ದರಿಂದ ಹುಲಿಗೆಮ್ಮ ಬರದಿದ್ದಾಗ ನಾನು ಅಷ್ಟಾಗಿ ಗಮನಿಸಲಿಲ್ಲ. ವಾರ ಕಳೆದ ಮೇಲೆ ದುರುಗಮ್ಮ ಬಂದು ವಿಷಯ ಹೇಳಿದಳು. ಹುಲಿಗೆಮ್ಮನ ಸೋದರಮಾವ ಯಂಕಪ್ಪ ಟಂಟಂ ಓಡಿಸುವವನು. ಹಿಂದಿನ ವಾರ ಬುಧವಾರ ಮಧ್ಯಾಹ್ನ ಎರಡು ಗಂಟೆಯ ಟ್ರಿಪ್ಪಿಗೆ ಮಸ್ಕಿಯಲ್ಲಿ ಗಾಡಿ ಹಚ್ಚಿದಾಗ, ನಿಲ್ದಾಣದ ಎದುರಿನ ಕಬ್ಬಿನ ಹಾಲಿನ ಅಂಗಡಿಯ ಮುಂದೆ ಹುಲಿಗೆಮ್ಮ ಒಬ್ಬ ಹುಡುಗನ ಜೊತೆ ನಿಂತದ್ದನ್ನು ನೋಡಿದನಂತೆ. ನೋಡಿದ್ದು ಬೆನ್ನಿನ ಕಡೆಯಿಂದ. ನಮ್ಮ ಶಾಲೆಯ ಸಮವಸ್ತ್ರ, ಎರಡು ಜಡೆ, ಅದೇ ಎತ್ತರ. ಅವನು ಗಾಡಿಯಲ್ಲಿದ್ದವರ ಮುಂದೆಯೇ ಅದನ್ನು ಹೇಳಿದ್ದ. ಗಾಡಿ ಊರು ಮುಟ್ಟುವಷ್ಟರಲ್ಲಿ ಮಾತೂ ಮುಟ್ಟಿತ್ತು. ಹುಡುಗಿಯನ್ನು ಶಾಲೆ ಬಿಡಿಸಿ ಸಿಂಧನೂರು ಕಡೆಯ ಸಾಲಗುಂದದಲ್ಲಿರುವ ಸೋದರತ್ತೆಯ ಮನೆಗೆ ಕಳಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ದುರುಗಮ್ಮನ ಕಣ್ಣಲ್ಲಿ ನೀರಿರಲಿಲ್ಲ, ಒಂದು ಹುರುಪು ಇತ್ತು. "ಬುಧವಾರ ಎರಡು ಗಂಟೆಗೆ ಆಕಿ ಎಲ್ಲಿದ್ಳು ಹೇಳ್ರೀ ಮೇಡಂ. ನಿಮ್ಮ ಮುಂದೇ ಇದ್ಳಲ್ರೀ."

ಇದ್ದಳು. ಬುಧವಾರ ಊಟದ ನಂತರದ ಅವಧಿ ನನ್ನದು. ಸಮಾಂತರ ಚತುರ್ಭುಜವನ್ನು ಅದರ ಕರ್ಣವು ಎರಡು ಸರ್ವಸಮ ತ್ರಿಭುಜಗಳಾಗಿ ಒಡೆಯುತ್ತದೆ ಎಂಬ ಪ್ರಮೇಯವನ್ನು ಹಲಗೆಯ ಮೇಲೆ ಸಾಧಿಸಿದ್ದು ಹುಲಿಗೆಮ್ಮನೇ. ಮೇಲಿನ ಸಾಲು ಕೈಗೆ ಎಟುಕದೆ ಅವಳು ತುದಿಗಾಲಲ್ಲಿ ನಿಂತದ್ದು ನನ್ನ ಕಣ್ಣ ಮುಂದಿತ್ತು. ಆದರೂ ನನಗೆ ಅಳುಕು. ಶಾಲೆಯ ಹಾಜರಿ ಹಾಕುವುದು ಬೆಳಿಗ್ಗೆ ಮಾತ್ರ. ಮಧ್ಯಾಹ್ನಕ್ಕೆ ನನ್ನ ನೆನಪೇ ಸಾಕ್ಷಿ. ಯಂಕಪ್ಪನಿಗೂ ಅವನ ನೆನಪೇ ಸಾಕ್ಷಿ. ಅವನೂ ನನ್ನಷ್ಟೇ ಖಚಿತವಾಗಿದ್ದ. ಒಂದೇ ವ್ಯತ್ಯಾಸ, ನನ್ನ ಜೊತೆ ಇಡೀ ತರಗತಿ ಇತ್ತು. ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕರೆದು ಅಂದು ಹಲಗೆಗೆ ಯಾರು ಬಂದಿದ್ದರೆಂದು ಕೇಳಿದೆ. ಎಲ್ಲರೂ ಒಂದೇ ಹೆಸರು ಹೇಳಿದರು. ದಿನಚರಿಯಲ್ಲಿಯೂ ಇತ್ತು.

ಮೊದಲು ಮುಖ್ಯಗುರುಗಳ ಬಳಿ ಹೋದೆ. ಅವರು ಕೆಟ್ಟವರಲ್ಲ. ಹುಡುಗಿಗೆ ಹದಿನಾಲ್ಕು ದಾಟಿದೆ, ಕಡ್ಡಾಯ ಶಿಕ್ಷಣದ ಕಾನೂನು ಅಲ್ಲಿಗೆ ಮುಗಿಯುತ್ತದೆ ಎಂದರು. ಮದುವೆಯ ಮಾತಿದ್ದರೆ ದೂರು ಕೊಡಬಹುದು, ಅಂಥ ಮಾತೇನೂ ಇಲ್ಲ. ಅತ್ತೆಯ ಮನೆಗೆ ಕಳಿಸುವುದು ಯಾವ ಕಾನೂನಿಗೆ ತಪ್ಪು? "ನಾವು ಮನಿ ವಿಚಾರಕ್ಕ ಕೈ ಹಾಕಿದ್ರ ನಾಳೆ ಉಳಿದ ಹುಡುಗ್ಯಾರ್ನೂ ಕಳಸಂಗಿಲ್ಲ ಮೇಡಂ," ಎಂದರು.

ತರಗತಿಗೆ ಬಂದರೆ ದುರುಗಮ್ಮ ಆಗಲೇ ಹಲಗೆಯ ಮೇಲೆ ಶುರು ಮಾಡಿದ್ದಳು. ದತ್ತ: ಯಂಕಪ್ಪ ಮಾವ ಒಬ್ಬ ಹುಡುಗಿಯನ್ನು ಬುಧವಾರ ಎರಡು ಗಂಟೆಗೆ ಮಸ್ಕಿಯಲ್ಲಿ ನೋಡಿದ್ದು. ಸಾಧನೀಯ: ಆ ಹುಡುಗಿ ಹುಲಿಗೆಮ್ಮ ಅಲ್ಲ. ಮುಂದೆ ಹೇಗೆ ಹೋಗಬೇಕೆಂದು ತಿಳಿಯದೆ ನಿಂತಿದ್ದಳು. ವೈರುಧ್ಯದಿಂದ ಸಾಧಿಸುವ ವಿಧಾನವನ್ನು ನಾನು ಅಂದೇ ಕಲಿಸಿದೆ. ಅದು ಒಂಬತ್ತನೆಯ ತರಗತಿಗೆ ಸ್ವಲ್ಪ ಭಾರ. ಸುಳ್ಳೆಂದು ತೋರಿಸಬೇಕಾದದ್ದನ್ನು ಮೊದಲು ನಿಜವೆಂದೇ ಇಟ್ಟುಕೊಂಡು ಹೊರಡಬೇಕು. ಅದು ಆಗಲಾರದ ಕಡೆಗೆ ಒಯ್ದು ನಿಲ್ಲಿಸಿದರೆ, ಇಟ್ಟುಕೊಂಡದ್ದು ತಪ್ಪೆಂದು ಅರ್ಥ. ಮಕ್ಕಳು ಅದನ್ನು ಎಷ್ಟು ಬೇಗ ಹಿಡಿದರೆಂದರೆ ನನಗೇ ಆಶ್ಚರ್ಯವಾಯಿತು. ಹುಲಿಗೆಮ್ಮ ಎರಡು ಗಂಟೆಗೆ ಮಸ್ಕಿಯಲ್ಲಿ ಇದ್ದಳೆಂದೇ ಇಟ್ಟುಕೊಳ್ಳೋಣ. ಎರಡು ಗಂಟೆಗೆ ಅವಳು ಈ ಹಲಗೆಯ ಮುಂದೆ ಇದ್ದಳು, ಕಾರಣ: ನಾವೆಲ್ಲ ನೋಡಿದ್ದೇವೆ. ಒಬ್ಬರು ಒಂದೇ ವೇಳೆಗೆ ಎರಡು ಕಡೆ ಇರಲಾರರು.

"ಕಾರಣ?" ಎಂದು ಹಿಂದಿನಿಂದ ಯಾರೋ ಕೂಗಿದರು. "ಸ್ವಯಂಸಿದ್ಧ, ಕುಂದ್ರಲೇ," ಎಂದಳು ದುರುಗಮ್ಮ. ತರಗತಿ ಗೊಳ್ಳೆಂದಿತು.

ಅಂದು ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಪುಸ್ತಕದ ಪ್ರಮೇಯವೊಂದು ಮಕ್ಕಳ ಕೈಗೆ ಆಯುಧವಾಗಿ ಸಿಕ್ಕಿತ್ತು. ಎಲ್ಲಿಯೂ ಹೆಜ್ಜೆ ತಪ್ಪಿರಲಿಲ್ಲ. ಯಾರ ಮುಂದೆ ಇಟ್ಟರೂ ನಿಲ್ಲುತ್ತಿತ್ತು.

ಮರುದಿನ ಶಾಲೆ ಬಿಟ್ಟ ಮೇಲೆ ದುರುಗಮ್ಮನನ್ನು ಕರೆದುಕೊಂಡು ಹುಲಿಗೆಮ್ಮನ ಮನೆಗೆ ಹೋದೆ. ಅವಳ ಅಪ್ಪ ಅಮರೇಶ ಗ್ರಾಮ ಪಂಚಾಯಿತಿಯ ನೀರುಗಂಟಿ. ಓಣಿ ಓಣಿಗೆ ನೀರು ಬಿಡುವ ಕೆಲಸ. ಊರಲ್ಲಿ ಅವನಿಗೆ ಗೊತ್ತಿಲ್ಲದ ಮನೆಯಿಲ್ಲ. ಒಳಗಿನಿಂದ ಕುರ್ಚಿ ತಂದು ಹಾಕಿದ, ತಾನು ಕಟ್ಟೆಯ ಮೇಲೆ ಕೂತ. ಹುಲಿಗೆಮ್ಮನ ತಾಯಿ ಬಾಗಿಲ ಒಳಗೆ ನಿಂತಿದ್ದಳು. ಹುಲಿಗೆಮ್ಮ ಚಹಾ ತಂದುಕೊಟ್ಟು ನಮ್ಮ ಕಡೆ ನೋಡದೆ ಒಳಗೆ ಹೋದಳು.

ದುರುಗಮ್ಮ ಎದ್ದು ನಿಂತು, ತರಗತಿಯಲ್ಲಿ ಹೇಳುವ ಹಾಗೆ, ದತ್ತದಿಂದ ಕೊನೆಯವರೆಗೂ ಹೇಳಿದಳು. ಅಮರೇಶ ನಡುವೆ ಬಾಯಿ ಹಾಕಲಿಲ್ಲ. ಒಂದೇ ಪ್ರಶ್ನೆ ಕೇಳಿದ. ಹುಡುಗಿ ಹಲಗೆಯ ಮುಂದೆ ನಿಂತದ್ದು ಎರಡಕ್ಕೆ ಮೊದಲೇ ಇರಬಹುದಲ್ಲ, ಆಮೇಲೆ ಯಾರದಾದರೂ ಬೈಕಿನಲ್ಲಿ ಹೋಗಿರಬಹುದಲ್ಲ? ಸರಿಯಾದ ಪ್ರಶ್ನೆ. ನಮ್ಮ ತರಗತಿಯಲ್ಲಿಯೂ ಅದನ್ನು ಯಾರೂ ಕೇಳಿರಲಿಲ್ಲ. ಊಟದ ನಂತರದ ಗಂಟೆ ಹೊಡೆಯುವುದೇ ಎರಡಕ್ಕೆ, ಪಾಠ ಶುರುವಾದದ್ದೇ ಆಮೇಲೆ, ಊಟಕ್ಕೆ ಅನ್ನ ಬಡಿಸಿದವಳೂ ಹುಲಿಗೆಮ್ಮನೇ ಎಂದು ದುರುಗಮ್ಮ ಹೇಳಿದಳು.

"ಖರೇ ಐತ್ರೀ ಟೀಚರಮ್ಮ. ನನ್ನ ಮಗಳು ಅಲ್ಲಿ ಇದ್ದಿಲ್ಲ. ಒಪ್ಪಿದೆ."

ದುರುಗಮ್ಮ ನನ್ನ ಕಡೆ ತಿರುಗಿದಳು. ಆ ಮುಖ ನನಗೆ ನೆನಪಿದೆ. ಇದೊಂದರಲ್ಲಿ ನನ್ನ ನೆನಪನ್ನು ನಂಬುತ್ತೇನೆ. ಹಾಗಾದರೆ ಸೋಮವಾರದಿಂದ ಕಳಿಸುತ್ತೀರಲ್ಲ ಎಂದೆ. ಅವನು ತಲೆ ಅಲ್ಲಾಡಿಸಿದ. ಸಿಟ್ಟಿನಿಂದಲ್ಲ, ಇವರಿಗೆ ಹೇಗೆ ತಿಳಿಸುವುದೋ ಎಂಬಂತೆ.

"ನಾ ಒಪ್ಪಿದ್ರ ಆತೇನ್ರೀ? ಊರಾಗ ಆಕಿ ಅಲ್ಲಿದ್ಳು ಅಂತ ಆಗಿಬಿಟ್ಟೈತಿ. ಮುಂಜಾನಿ ಎದ್ದು ಓಣಿ ಓಣಿ ನೀರ ಬಿಡಾಕ ಹೋಗಾಂವ ನಾನು. ಒಬ್ಬೊಬ್ಬರ ಬಾಗಿಲ ಮುಂದ ನಿಂತು ಈ ಲೆಕ್ಕ ಹೇಳ್ಲೇನು? ನಿಂತು ಕೇಳೋರು ಯಾರದಾರ?"

ತಾಯಿ ಒಳಗಿನಿಂದಲೇ, ನಮ್ಮ ಅಣ್ಣ ಕಂಡದ್ದು ಹೇಳ್ಯಾನ, ಆತನ್ನ ಸುಳ್ಳ ಅನ್ನಂಗಿಲ್ಲ ಎಂದಳು. ಯಂಕಪ್ಪ ಸುಳ್ಳು ಹೇಳಿಲ್ಲ, ತಪ್ಪು ತಿಳಿದಿದ್ದಾನೆ ಅಷ್ಟೆ ಎಂದು ನಾನು ವಿವರಿಸಲು ಹೋದೆ. ಆ ಎರಡರ ನಡುವಿನ ಅಂತರ ಆ ಬಾಗಿಲ ಮುಂದೆ ಉಳಿಯಲಿಲ್ಲ. ಇಜ್ಜತ್ತಿನ ಮಾತು, ಎರಡು ವರ್ಷ ಹೋದರೆ ಜನ ಮರೆಯುತ್ತಾರೆ, ಆಮೇಲೆ ನೋಡೋಣ ಎಂದ ಅಮರೇಶ. ಅವನ ದನಿಯೂ ನನ್ನ ದನಿಯಷ್ಟೇ ಸೋತಿತ್ತು. ಸಾಧನೆಯಲ್ಲಿ ತಪ್ಪು ಹುಡುಕುವವರ ಜೊತೆ ವಾದಿಸಬಹುದು. ಇವನು ಸಾಧನೆಯನ್ನು ಪೂರ್ತಿ ಒಪ್ಪಿಕೊಂಡು ಪಕ್ಕಕ್ಕಿಟ್ಟಿದ್ದ. ಇಂಥವರಿಗೆ ಏನು ಹೇಳಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಎದ್ದು ಹೊರಟೆವು. ದುರುಗಮ್ಮ ಮುಂದೆ ನಡೆದಳು. ಓಣಿಯ ತಿರುವಿನಲ್ಲಿ ಹಿಂದಿನಿಂದ ಹುಲಿಗೆಮ್ಮ ಕೊಡ ಹಿಡಿದು ಬಂದಳು. ನಲ್ಲಿಗೆ ಹೋಗುವ ನೆವ ಇರಬೇಕು. ಧೈರ್ಯ ಹೇಳಬೇಕೆಂದು, ನೀನು ಅಲ್ಲಿರಲಿಲ್ಲವೆಂದು ನಿಮ್ಮಪ್ಪ ಒಪ್ಪಿದ್ದಾರಲ್ಲ, ಅದೇನು ಕಡಿಮೆಯಲ್ಲ ಎಂದೆ.

"ಒಳಗ ನಿಂತು ಕೇಳಿದೆ ರೀ. ಎಲ್ಲಾ ಸಾಲೂ ಬರೋಬ್ಬರಿ ಇದ್ದವು." ಕೊಡವನ್ನು ಸೊಂಟದ ಈ ಕಡೆಯಿಂದ ಆ ಕಡೆಗೆ ಬದಲಿಸಿಕೊಂಡಳು. "ನಾ ಅಲ್ಲಿ ಇದ್ದಿಲ್ಲಂತ ಸಾಧಿಸಿದ್ರಿ ಮೇಡಂ. ಇದ್ದಿದ್ರ?"

ನನಗೆ ಅರ್ಥವಾಗಲಿಲ್ಲ.

"ಇದ್ದಿದ್ರ ಸಾಲಿ ಬಿಡಸೋದು ಬರೋಬ್ಬರಿ ಆಕ್ಕಿತ್ತೇನ್ರೀ? ಅದನ್ನ ನೀವೂ ಹಂಗೇ ತಗೊಂಡ್ರಿ."

ಅವಳು ನಿಂತು ಕಾಯಲಿಲ್ಲ. ಯಾರಾದರೂ ನೋಡಿದರೆ ಮತ್ತೊಂದು ಮಾತಾಗುತ್ತದೆಂದೋ ಏನೋ, ನಲ್ಲಿಯ ಕಡೆ ಹೋದಳು. ದುರುಗಮ್ಮ ಮುಂದೆ ಇದ್ದುದರಿಂದ ಇದನ್ನು ಕೇಳಿದವಳು ನಾನೊಬ್ಬಳೇ. ಆ ರಾತ್ರಿ ದಿನಚರಿಯಲ್ಲಿ ಅಮರೇಶನ ಮಾತುಗಳನ್ನೂ ಇವಳ ಮಾತುಗಳನ್ನೂ ಬಿಟ್ಟು ಬೇರೇನೂ ಬರೆದಿಲ್ಲ.

ಮರುದಿನ ಮಸ್ಕಿಯಲ್ಲಿ ಇಳಿದಾಗ ಕಬ್ಬಿನ ಹಾಲಿನ ಅಂಗಡಿಯ ಮುಂದೆ ನಿಂತೆ. ನಮ್ಮ ಶಾಲೆಯ ವಿಜ್ಞಾನ ಶಿಕ್ಷಕರೂ ನಾನೂ ಎಷ್ಟೋ ಸಂಜೆ ಅಲ್ಲೇ ನಿಂತು, ಗ್ಲಾಸು ಹಿಡಿದು, ನಗುತ್ತ ಮಾತಾಡುತ್ತ ಬಸ್ಸು ಕಾದಿದ್ದೇವೆ. ಯಂಕಪ್ಪನ ಗಾಡಿಯೂ ಅಲ್ಲೇ ನಿಂತಿರುತ್ತಿತ್ತು. ನಾನು ಅಲ್ಲಿ ಇದ್ದೆನೋ ಇಲ್ಲವೋ ಎಂಬುದನ್ನು ಯಾರೂ ಯಾರಿಗೂ ಸಾಧಿಸಿ ತೋರಿಸಬೇಕಾಗಿ ಬಂದಿರಲಿಲ್ಲ. ಅದೇ ಜಾಗದಲ್ಲಿ ಅವಳು ನಿಂತಿರಲಿಲ್ಲವೆಂದು ತೋರಿಸಲು ನಾನು ಹೋಗಿದ್ದೆ. ನಿಂತಿದ್ದರೆ ಏನು ಎಂದು ಅಮರೇಶನನ್ನು ಕೇಳಬಹುದಿತ್ತೇ, ಕೇಳಿದ್ದರೆ ಏನಾಗುತ್ತಿತ್ತು ಎಂದು ಹಲವು ಸಲ ಯೋಚಿಸಿದ್ದೇನೆ. ಬಹುಶಃ ಕೊಟ್ಟ ಚಹಾ ಕುಡಿದು ಹೋಗಿರೆಂದು ಹೇಳುತ್ತಿದ್ದನು. ಅಥವಾ ದುರುಗಮ್ಮನನ್ನೂ ಅವಳ ಮನೆಯವರು ಶಾಲೆ ಬಿಡಿಸುತ್ತಿದ್ದರು. ಒಂದನ್ನೂ ಸಾಧಿಸಲು ಬರುವುದಿಲ್ಲ.

ಆ ತಿಂಗಳೇ ಹುಲಿಗೆಮ್ಮ ಸಾಲಗುಂದಕ್ಕೆ ಹೋದಳು. ಶಾಲೆಯಲ್ಲಿ 'ಕಾರಣ?' ಎಂಬ ಆಟ ತಾನಾಗಿ ನಿಂತಿತು. ನಿಲ್ಲಿಸಿರೆಂದು ಯಾರೂ ಹೇಳಲಿಲ್ಲ. ದುರುಗಮ್ಮ ಪ್ರಮೇಯಗಳನ್ನು ಬಾಯಿಪಾಠ ಮಾಡತೊಡಗಿದಳು. ಹತ್ತನೆಯ ತರಗತಿಯನ್ನು ಒಳ್ಳೆಯ ಅಂಕಗಳಿಂದ ಪಾಸು ಮಾಡಿದಳು.

ಈಗ ನಾನು ಸಿಂಧನೂರಿನಲ್ಲಿದ್ದೇನೆ. ಸಾಲಗುಂದ ಇಲ್ಲಿಂದ ದೂರವಲ್ಲ. ಒಮ್ಮೆ ಹತ್ತನೆಯ ತರಗತಿಯ ಪುಸ್ತಕಗಳನ್ನು ಹಿಡಿದು ವಿಳಾಸ ಕೇಳುತ್ತ ಹೋಗಿದ್ದೆ. ಭತ್ತದ ನಾಟಿಯ ಕಾಲ. ಸೋದರತ್ತೆ ಒಬ್ಬರೇ ಮನೆಯಲ್ಲಿದ್ದರು. ಹುಡುಗಿ ಗದ್ದೆಗೆ ಹೋಗ್ಯಾಳ, ಹೊತ್ತು ಮುಳುಗಿದ ಮೇಲೆ ಬರ್ತಾಳ ಎಂದರು. ಪುಸ್ತಕಗಳನ್ನು ತೆಗೆದುಕೊಂಡು ಗೂಡಿನಲ್ಲಿಟ್ಟರು. ಖಾಸಗಿಯಾಗಿ ಪರೀಕ್ಷೆಗೆ ಕೂರಬಹುದೆಂದು ಹೇಳಿ ನನ್ನ ಫೋನ್ ನಂಬರು ಕೊಟ್ಟು ಬಂದೆ. ಫೋನ್ ಬಂದಿಲ್ಲ. ಮತ್ತೆ ಹೋಗಬೇಕೆಂದು ದಿನಚರಿಯಲ್ಲಿ ಎರಡು ಮೂರು ಕಡೆ ಬರೆದಿದೆ. ನಾನು ಪದೇ ಪದೇ ಹೋದರೆ ಅಲ್ಲಿಯೂ ಜನ ಏನಾದರೂ ಆಡಿಕೊಂಡಾರೆಂಬ ಹೆದರಿಕೆಯನ್ನೂ ಅದರ ಪಕ್ಕದಲ್ಲೇ ಬರೆದಿದ್ದೇನೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಸಾಧನೆ ಎಷ್ಟೇ ಗಟ್ಟಿಯಿರಲಿ, ಅದು ಹೊರಟ ಜಾಗಕ್ಕಿಂತ ಗಟ್ಟಿಯಾಗಲಾರದು. ಹೊರಡುವ ಮೊದಲು ಏನನ್ನು ಹಾಗೇ ತೆಗೆದುಕೊಂಡಿದ್ದೇವೆ ಎಂದು ನೋಡಿಕೊಳ್ಳಬೇಕು. ಗಣಿತದಲ್ಲಿ ಅದನ್ನು ಬರೆದಿರುತ್ತಾರೆ, ಊರಲ್ಲಿ ಬರೆದಿರುವುದಿಲ್ಲ. ಇದನ್ನು ಹೇಳುವುದು ಸುಲಭ, ಕಲಿಸುವ ದಾರಿ ನನಗಿನ್ನೂ ಗೊತ್ತಾಗಿಲ್ಲ. ಈಗ ಒಂಬತ್ತನೆಯ ತರಗತಿಗೆ ಮೊದಲ ಪ್ರಮೇಯ ಬರೆಸುವಾಗ ದತ್ತದ ಕೆಳಗೆ ಒಂದು ಸಾಲು ಖಾಲಿ ಬಿಡುತ್ತೇನೆ. ಹೇಳದೆ ಒಪ್ಪಿಕೊಂಡದ್ದು ಏನಾದರೂ ಇದ್ದರೆ ಯೋಚಿಸಿ ಅಲ್ಲಿ ಬರೆಯಿರಿ ಎನ್ನುತ್ತೇನೆ. ಅದಕ್ಕೆ ಅಂಕಗಳಿಲ್ಲವೆಂದು ಮಕ್ಕಳಿಗೆ ಗೊತ್ತು. ಪುಸ್ತಕ ತಿದ್ದುವಾಗ ನೋಡಿದರೆ, ಹಲಗೆಯ ಮೇಲಿದ್ದ ಹಾಗೆಯೇ, ದತ್ತದ ಕೆಳಗೆ ಒಂದು ಸಾಲು ಅಚ್ಚುಕಟ್ಟಾಗಿ ಖಾಲಿ ಬಿಟ್ಟಿರುತ್ತಾರೆ.